ಬಣವಿ ಶೋದ ಒಂಬತ್ತನೆಯ ಕ್ಯಾಸೆಟ್ಟು

ಸ್ಟ್ರೀಟ್ಸ್‌ವಿಲ್
೯ ಅಕ್ಟೋಬರ್ ೨೦೧೭

ನೀಲಕ್ಕನವರಿಗೆ ನಾಗವ್ವ ಮಾಡುವ ಶರಣು ಶರಣಾರ್ಥಿ.

ಕಾಗದ ನೋಡಿ ಯಾವ ನಾಗವ್ವ ಇವಳು ಅಂದುಕೊಂಡೀರಿ. ಕ್ವೀನ್ ಸ್ಟ್ರೀಟಿನ ಹಿಂದಿನ ಅದೇ ಮನೆ. ನೀವು ಮೇಲೆ ಬಾಡಿಗೆಗಿದ್ದಿರಿ, ನಾವು ಬೇಸ್‌ಮೆಂಟಿನಲ್ಲಿದ್ದೆವು. ನೀವು ಪಿಕರಿಂಗಿಗೆ ಹೋದ ಮೇಲೆ ಆ ಮನೆಯನ್ನೇ ನಮ್ಮ ಮನೆಯವರು ಕೊಂಡರು. ಅವರು ಹೋಗಿ ಆರು ವರ್ಷವಾಯಿತು. ಈಗ ನಾನು, ಮಗಳು ದೀಪಶ್ರೀ ಇದ್ದೇವೆ.

ನಿಮ್ಮ ಚನ್ನಬಸಯ್ಯನವರು ಲಿಂಗೈಕ್ಯರಾದ ಸುದ್ದಿ ನನಗೆ ಈ ಸಲದ ಬಸವ ಜಯಂತಿಯ ಊಟದ ಸಾಲಿನಲ್ಲಿ ತಿಳಿಯಿತು. ಆಗಲೇ ಹದಿನಾಲ್ಕು ತಿಂಗಳಾಗಿತ್ತಂತೆ. ಕೈಯಲ್ಲಿ ತಾಟು ಹಿಡಿದುಕೊಂಡೇ ನಿಂತುಬಿಟ್ಟೆ. ಯಾರೂ ನನಗೆ ಹೇಳಲಿಲ್ಲ. ಹೇಳುವಷ್ಟು ನಂಟು ಉಳಿದಿರಲಿಲ್ಲ ಅಂತ ನೀವು ಅಂದರೆ ನಾನು ಇಲ್ಲ ಅನ್ನಲಾರೆ.

ಫೋನ್ ಮಾಡಬಹುದಿತ್ತು. ಆದರೆ ಮೂರು ವರ್ಷದಿಂದ ನನಗೆ ಕಿವಿ ಪೂರಾ ಹೋಗಿದೆ. ಮಷೀನು ಹಾಕಿದರೆ ಗುಂಯ್ ಅನ್ನುತ್ತದೆ, ಅಷ್ಟೇ. ಅದಕ್ಕೇ ಕಾಗದ.

ವಿಷಯ ಇಷ್ಟು. ಬೇಸ್‌ಮೆಂಟನ್ನು ಬೆಳಗಾವಿ ಕಡೆಯ ಇಬ್ಬರು ಕಾಲೇಜು ಹುಡುಗಿಯರಿಗೆ ಕೊಡಬೇಕೆಂದು ದೀಪಾ ಖಾಲಿ ಮಾಡುತ್ತಿದ್ದಳು. ನಮ್ಮ ಹಳೆಯ ಟೇಪ್‌ರೆಕಾರ್ಡರು ಸಿಕ್ಕಿತು. ಒಳಗೆ ಒಂದು ಕ್ಯಾಸೆಟ್ಟು ಹಾಗೇ ಕೂತಿತ್ತು. ಅವಳು ಒರೆಸಿ, ವಯರು ಹಾಕಿ ಕೇಳಿದಳು. ಆಮೇಲೆ ಚೀಟಿಯಲ್ಲಿ ಬರೆದು ತೋರಿಸಿದಳು: "ಅಮ್ಮಾ, ಯು ಆರ್ ಲಾಫಿಂಗ್. ಸಮ್ ಅಂಕಲ್ ಆಲ್ಸೋ."

ಆ ಅಂಕಲ್ ಯಾರೆಂದು ನನಗೆ ಗೊತ್ತು, ನಿಮಗೂ ಗೊತ್ತು. ಶನಿವಾರ ಟಿವಿಯಲ್ಲಿ ಬರುತ್ತಿದ್ದ ನಮ್ಮ ಬಣವಿ ಶೋದ ಕ್ಯಾಸೆಟ್ಟು ಅದು. ನಿಮಗೆ ತಿಳಿಸಬೇಕು ಅನ್ನಿಸಿತು.

ನಿಮ್ಮ
ನಾಗವ್ವ


ಪಿಕರಿಂಗ್
೩೦ ಅಕ್ಟೋಬರ್ ೨೦೧೭

ನಾಗವ್ವನಿಗೆ,

ನಿನ್ನ ಕಾಗದ ತಲುಪಿತು. ಹೌದು, ನಾನೇ ಹೇಳಬೇಡಿ ಅಂದಿದ್ದೆ. ಮಗ ಉದಯಕುಮಾರ ಪಟ್ಟಿ ಹಿಡಿದುಕೊಂಡು ಒಬ್ಬೊಬ್ಬರಿಗೇ ಫೋನ್ ಮಾಡುತ್ತಿದ್ದ. ನಿನ್ನ ಹೆಸರು ಬಂದಾಗ ಬಿಡು ಅಂದೆ. ಅವರ ತಲೆಯ ಹತ್ತಿರ ಕೂತು ನೀನು ಅಳುವುದನ್ನು ನೋಡುವ ಶಕ್ತಿ ನನಗಿರಲಿಲ್ಲ. ಇದನ್ನು ಮುಚ್ಚಿಟ್ಟು ಏನು ಮಾಡಲಿ, ನನಗೀಗ ಎಪ್ಪತ್ತು.

"ನಮ್ಮ" ಬಣವಿ ಶೋ ಅಂತ ಬರೆದಿದ್ದೀಯ. ಸಂತೋಷ.

ನನ್ನ ಹತ್ತಿರ ಅವರ ಧ್ವನಿ ಇಲ್ಲ. ಉದಯನ ಫೋನಿನಲ್ಲಿ ನೂರಾರು ಫೋಟೋ ಇವೆ, ಮಾತು ಒಂದೂ ಇಲ್ಲ. ಕ್ಯಾಮೆರಾ ಹಿಡಿದರೆ ಬಾಯಿ ಮುಚ್ಚುವ ಮನುಷ್ಯ. ಕೊನೆಯ ಎರಡು ವರ್ಷ ಲಕ್ವಾ ಹೊಡೆದು ಮಾತೇ ನಿಂತಿತ್ತು. ಈಗ ಒಮ್ಮೊಮ್ಮೆ ಅವರು ನನ್ನನ್ನು ಹೇಗೆ ಕರೆಯುತ್ತಿದ್ದರೆಂದು ನೆನೆಸಿಕೊಳ್ಳಲು ಹೋದರೆ ನನ್ನ ಧ್ವನಿಯೇ ಕೇಳಿಸುತ್ತದೆ. ಆದ್ದರಿಂದ ಆ ಕ್ಯಾಸೆಟ್ಟನ್ನು ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿಬಿಡು. ಹೇಗೂ ನಿನಗೆ ಕೇಳಿಸುವುದಿಲ್ಲ.

ಇತಿ,
ನೀಲಾಂಬಿಕಾ


ಸ್ಟ್ರೀಟ್ಸ್‌ವಿಲ್
೨೧ ನವೆಂಬರ್ ೨೦೧೭

ನೀಲಕ್ಕನವರಿಗೆ ಶರಣಾರ್ಥಿ.

ಪೋಸ್ಟಿನಲ್ಲಿ ಕಳಿಸುವುದಿಲ್ಲ. ಸಿಟ್ಟಾಗಬೇಡಿ. ದಾರಿಯಲ್ಲಿ ಕಳೆದರೆ ನಿಮಗೂ ಇಲ್ಲ, ನನಗೂ ಇಲ್ಲ. ನೀವೇ ಬನ್ನಿ. ಇಲ್ಲಿ ಕೂತು ಕೇಳಿ, ಅದರಲ್ಲಿ ಏನೇನಿದೆ ಅಂತ ನನಗೆ ಒಂದು ಹಾಳೆಯ ಮೇಲೆ ಬರೆದುಕೊಡಿ. ದೀಪಾಗೆ ಮನೆಯ ಕನ್ನಡ ತಿಳಿಯುತ್ತದೆ. ನಿಮ್ಮ ಅಯ್ಯನವರ ಧಾರವಾಡದ ಮಾತಿನ ಓಟ ತಿಳಿಯುವುದಿಲ್ಲ. ಕ್ಯಾಸೆಟ್ಟು ಆಮೇಲೆ ನಿಮ್ಮದೇ.

ಇದೊಂದು ಆಸೆ ನನಗೆ. ಆ ಶೋ ನನಗೆ ಎಷ್ಟು ಬೇಕಾಗಿತ್ತೆಂದು ನಿಮಗೆ ಗೊತ್ತಿಲ್ಲ. ಅದರ ಇಂಗ್ಲಿಷ್ ಹೆಸರು ನನ್ನ ನಾಲಿಗೆಗೆ ಹೊರಳುತ್ತಿರಲಿಲ್ಲ. ಎಲ್ಲರೂ ಹುಲ್ಲಿನ ಬಣವಿ ಮೇಲೆ ಕೂತು ಹಾಡುತ್ತಾರಲ್ಲ ಅಂತ ಬಣವಿ ಶೋ ಅಂದೆ, ಅದೇ ಉಳಿಯಿತು. ಕೆನಡಾಕ್ಕೆ ಬಂದ ಮೇಲೆ ನಾನು ಬಣವಿ ಕಂಡದ್ದು ಆ ಟಿವಿಯಲ್ಲೇ. ಹುಲ್ಲಿನ ಟೋಪಿ ಹಾಕಿದ ಗಂಡಸರು, ಬ್ಯಾಂಜೋ, ಒಗೆಯುವ ತಗಡಿನ ಹಲಗೆಯನ್ನು ಚಮಚದಿಂದ ಗೀರಿ ತಾಳ ಹಾಕುವ ದಪ್ಪ ಹೆಂಗಸು, ಕೋಳಿಯನ್ನು ಕಂಕುಳಲ್ಲಿ ಇಟ್ಟುಕೊಂಡು ನಾಳೆ ಮಳೆ ಬರುತ್ತದೋ ಇಲ್ಲವೋ ಹೇಳುವ ಮುದುಕ. ಮತ್ತೆ ಆ ಕೆಟ್ಟ ಟ್ರ್ಯಾಕ್ಟರಿನ ಅಣ್ಣತಮ್ಮ. ಮೂರು ವರ್ಷ ನೋಡಿದೆ, ಅವರ ಟ್ರ್ಯಾಕ್ಟರು ಒಮ್ಮೆಯೂ ಚಾಲೂ ಆಗಲಿಲ್ಲ. ಅದರ ಮೇಲೆ ಕೂತು ಹರಟೆ ಹೊಡೆಯುವುದೇ ಅವರ ಒಕ್ಕಲುತನ.

ನನಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಅಯ್ಯನವರು ಒಂದೊಂದು ಜೋಕನ್ನೂ ನಮ್ಮ ಮಾತಿಗೆ ತಿರುಗಿಸಿ ಹೇಳುತ್ತಿದ್ದರು. ಟಿವಿಯವರು ನಕ್ಕು ಮುಗಿಸಿದ ಮೇಲೆ ನಮ್ಮ ನಗೆ ಶುರುವಾಗುತ್ತಿತ್ತು. ನಮ್ಮ ಮನೆಯವರು ಮಾತ್ರ ಕುರ್ಚಿಯಲ್ಲಿ ಗೊರಕೆ.

ಬನ್ನಿ ಅಕ್ಕಾ.

ನಿಮ್ಮ
ನಾಗವ್ವ


ಪಿಕರಿಂಗ್
೧೪ ಜನವರಿ ೨೦೧೮

ನಾಗವ್ವನಿಗೆ,

ಎರಡು ತಿಂಗಳು ಉತ್ತರ ಬರೆಯಲಿಲ್ಲ. ಬರೆದು ಹರಿದದ್ದು ನಾಲ್ಕು ಸಲ. ಇವತ್ತು ಸಂಕ್ರಾಂತಿ, ಎಳ್ಳುಬೆಲ್ಲ ತಿಂದು ಒಳ್ಳೆಯ ಮಾತಾಡಬೇಕಂತೆ. ನನ್ನಿಂದಾಗದು. ಇದ್ದದ್ದನ್ನು ಬರೆಯುತ್ತೇನೆ.

ಶನಿವಾರ ಸಂಜೆ ಏಳಕ್ಕೆ ನಿಮ್ಮ ಬಣವಿ ಶೋ. ಶನಿವಾರ ಮೂರರಿಂದ ಹನ್ನೊಂದು ನನ್ನ ಶಿಫ್ಟು, ಆಸ್ಪತ್ರೆಯ ಲಾಂಡ್ರಿಯಲ್ಲಿ. ನೀವು ತಗಡಿನ ಹಲಗೆಯ ತಾಳ ಕೇಳುತ್ತಿದ್ದಾಗ ನಾನು ಊರವರ ಹಾಸಿಗೆಯ ಚಾದರ ಮಡಿಸುತ್ತಿದ್ದೆ. ಕೈ ಮಡಿಸುತ್ತಿತ್ತು, ಕಣ್ಣು ಗೋಡೆಯ ಗಡಿಯಾರದ ಮೇಲೆ. ಏಳಾಯಿತು, ಈಗ ಕೆಳಗಿಳಿದಿರುತ್ತಾರೆ. ಏಳೂಕಾಲು, ಈಗ ನಾಗವ್ವ ಗಿರಮಿಟ್ಟು ಕಲಸಿರುತ್ತಾಳೆ. ಇಲ್ಲಿಯ ಸೀರಿಯಲ್ ಡಬ್ಬಿಯ ಮಂಡಕ್ಕಿಗೆ ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ ಹಾಕಿ ನೀನು ಮಾಡುತ್ತಿದ್ದ ಆ ಗಿರಮಿಟ್ಟಿನ ವಾಸನೆ ಅವರ ಮೀಸೆಗೆ ಭಾನುವಾರದವರೆಗೂ ಇರುತ್ತಿತ್ತು. ನನಗೆ ಗಿರಮಿಟ್ಟು ಎಂದರೆ ಈಗಲೂ ಆಗುವುದಿಲ್ಲ.

ನಿನ್ನ ಮೇಲೆ ಬೇರೆ ರೀತಿಯ ಸಂಶಯ ನನಗಿರಲಿಲ್ಲ. ಅದಿದ್ದರೆ ಸುಲಭವಿತ್ತು, ಜಗಳವಾಡಿ ಮುಗಿಸುತ್ತಿದ್ದೆ. ನಿನ್ನ ಗಂಡ ಗದಿಗೆಪ್ಪ ಅದೇ ಕೋಣೆಯಲ್ಲಿದ್ದ, ಮಕ್ಕಳೂ ಅಲ್ಲೇ ಇದ್ದರು. ನನ್ನ ಹೊಟ್ಟೆಕಿಚ್ಚು ಅವರ ನಗುವಿನ ಮೇಲೆ. ನನ್ನ ಜೊತೆ ಅವರು ಒಳ್ಳೆಯವರಾಗಿದ್ದರು, ಕೇಳಿದ್ದು ತಂದರು, ಜ್ವರ ಬಂದರೆ ಗಂಜಿ ಕಾಯಿಸಿದರು. ಆದರೆ ನಗಲಿಲ್ಲ. ಆ ನಗುವನ್ನು ಅವರು ಹನ್ನೊಂದು ಮೆಟ್ಟಿಲು ಇಳಿದು ಹೋಗಿ ನಕ್ಕು ಬರುತ್ತಿದ್ದರು.

ಆ ಕೊನೆಯ ಶನಿವಾರ ನಿನಗೆ ನೆನಪಿರಲೇಬೇಕು. ಲಾಂಡ್ರಿಯಲ್ಲಿ ಬಾಯ್ಲರು ಕೆಟ್ಟು ನಮ್ಮನ್ನು ಬೇಗ ಬಿಟ್ಟರು. ಮನೆಯ ಬಾಗಿಲು ತೆಗೆದರೆ ಕೆಳಗಿನಿಂದ ನಗು. ಅವರದೇ. ಮೊದಲ ಸಲ ಅಷ್ಟು ಹತ್ತಿರದಿಂದ ಕೇಳಿದೆ. ನಾನು ಮೆಟ್ಟಿಲ ತಲೆಯಲ್ಲಿ ನಿಂತು ಕೂಗಿದೆ. ಇಳಿದು ಬರುವಷ್ಟರಲ್ಲಿ ಎಲ್ಲ ಸುಮ್ಮನಾಗಿತ್ತು. ನೀನು ತಾಟು ಎತ್ತುತ್ತಿದ್ದೆ, ಅವರು ನೆಲ ನೋಡುತ್ತಿದ್ದರು. ಮೇಲೆ ಬಂದ ಮೇಲೆ ಕೇಳಿದೆ, "ಏನ ಅಷ್ಟು ನಕ್ಕೊಂತ ಕುಂತಿದ್ರಿ?"

"ಏನಿಲ್ಲ," ಅಂದರು.

ಎಷ್ಟು ಸಲ ಕೇಳಿದರೂ ಅದೇ. ಒಂದು ತಿಂಗಳಲ್ಲಿ ನಾನು ಪಿಕರಿಂಗಿನಲ್ಲಿ ಮನೆ ಹುಡುಕಿಸಿದೆ. ಅವರ ಕೆಲಸಕ್ಕೆ ಹತ್ತಿರ ಅಂತ ಎಲ್ಲರಿಗೂ ಹೇಳಿದೆ. ಅವರು ಎದುರಾಡಲಿಲ್ಲ, ಟಿವಿ ಹಾಕಿಕೊಟ್ಟರೂ ಆ ಶೋ ಮತ್ತೆ ನೋಡಲಿಲ್ಲ. ಆ "ಏನಿಲ್ಲ" ಮಾತ್ರ ಮೂವತ್ತೊಂಬತ್ತು ವರ್ಷ ನಮ್ಮ ಮಧ್ಯೆ ಕೂತು ನಮ್ಮ ಜೊತೆಯೇ ಉಂಡಿತು, ಮಲಗಿತು. ಈಗ ಹೇಳು, ಆ ಮೆಟ್ಟಿಲು ನಾನು ಮತ್ತೆ ಇಳಿಯಬೇಕೇ?

ಇತಿ,
ನೀಲಾಂಬಿಕಾ


ಸ್ಟ್ರೀಟ್ಸ್‌ವಿಲ್
೧೧ ಫೆಬ್ರವರಿ ೨೦೧೮

ನೀಲಕ್ಕನವರಿಗೆ,

ನೀವು ಮೆಟ್ಟಿಲು ಇಳಿಯಬೇಕಿಲ್ಲ. ಬೇಸ್‌ಮೆಂಟಿನಲ್ಲಿ ಈಗ ಹುಡುಗಿಯರಿದ್ದಾರೆ. ರೆಕಾರ್ಡರನ್ನು ಮೇಲೆ, ನಿಮ್ಮ ಅಡಿಗೆಮನೆಯಲ್ಲೇ ಇಟ್ಟಿದ್ದೇನೆ. ನನಗೆ ಅದು ಇನ್ನೂ ನಿಮ್ಮ ಅಡಿಗೆಮನೆಯೇ.

ನಿಮ್ಮ ಹತ್ತಿರ ಬೇರೆ ಎಂಟು ಕ್ಯಾಸೆಟ್ಟು ಇರಬೇಕಲ್ಲ ಅಕ್ಕಾ. ಅಯ್ಯನವರು ಕೊನೆಕೊನೆಗೆ ಒಂಬತ್ತು ಶನಿವಾರ ಶೋ ಟೇಪ್ ಮಾಡಿದ್ದರು. ಇದೊಂದು ಮಷೀನಿನಲ್ಲೇ ಉಳಿದಿತ್ತು, ಎಂಟು ಅವರ ಟ್ರಂಕಿನಲ್ಲಿದ್ದವು. ಅದರಲ್ಲೂ ಅವರ ಮಾತು ಇದ್ದೇ ಇರುತ್ತದೆ. ಇದೊಂದಕ್ಕೆ ಯಾಕೆ ಇಷ್ಟು ಸಂಕಟ?

ನಿಮ್ಮ
ನಾಗವ್ವ


ಪಿಕರಿಂಗ್
೨ ಏಪ್ರಿಲ್ ೨೦೧೮

ನಾಗವ್ವಾ,

ಕೇಳಬಾರದ್ದನ್ನೇ ಕೇಳಿದೆ.

ಆಗೆಲ್ಲ ನಾವು ಊರಿಗೆ ಮಾತು ತುಂಬಿದ ಕ್ಯಾಸೆಟ್ಟು ಕಳಿಸುತ್ತಿದ್ದೆವಲ್ಲ, ಯಾರಾದರೂ ಧಾರವಾಡಕ್ಕೆ ಹೊರಟರೆ ಅವರ ಕೈಯಲ್ಲಿ. ನಮ್ಮ ಅತ್ತೆಗೆ ಓದು ಬರುತ್ತಿರಲಿಲ್ಲ, ಕಾಗದಕ್ಕಿಂತ ಅದೇ ಇಷ್ಟ. ಪಿಕರಿಂಗಿಗೆ ಬಂದ ವರ್ಷ ಟ್ರಂಕಿನಲ್ಲಿ ಆ ಎಂಟು ಸಿಕ್ಕವು. ಮೇಲೆ ಅವರ ಅಕ್ಷರದಲ್ಲಿ ಶನಿವಾರ, ಶನಿವಾರ, ಶನಿವಾರ. ನಾನು ಒಂದನ್ನೂ ಹಾಕಿ ಕೇಳಲಿಲ್ಲ. ನೇರ ರೆಕಾರ್ಡಿನ ಗುಂಡಿ ಒತ್ತಿದೆ. "ಅತ್ತೀ, ನಾವೆಲ್ಲ ಆರಾಮ ಅದೀವಿ, ಇಲ್ಲೆ ಹಿಮ ಬಿದ್ದೈತಿ, ಉದಯಗ ಹಲ್ಲು ಬಂದಾವು," ಅಂತ ಎಂಟು ಕ್ಯಾಸೆಟ್ಟು ತುಂಬಿಸಿದೆ. ಖಾಲಿ ಕ್ಯಾಸೆಟ್ಟು ಸಿಗಲಿಲ್ಲ ಅಂತ ಅವರಿಗೆ ಹೇಳಲು ಸುಳ್ಳನ್ನೂ ಸಿದ್ಧ ಮಾಡಿಟ್ಟಿದ್ದೆ. ಅವರು ಕೇಳಲೇ ಇಲ್ಲ.

ಆದರೆ ಒಂದರಲ್ಲಿ ನನ್ನ ಮಾತು ಬೇಗ ಮುಗಿದುಬಿಟ್ಟಿತ್ತು. ಆರು ತಿಂಗಳ ಮೇಲೆ ಮೈದುನ ಕಾಗದ ಬರೆದ: ಅವ್ವ ಕೇಳುತ್ತಾಳೆ, ನೀಲಾ ವೈನಿಯ ಮಾತು ಮುಗಿದ ಮೇಲೆ ಕೊನೆಯಲ್ಲಿ ಕಿಣಿಕಿಣಿ ಅಂತ ಒಂದು ಪದ ಬರುತ್ತದಲ್ಲ, ನಮ್ಮ ಗೀಗೀ ಮೇಳದ ಹಾಗಿದೆ, ಓಣಿಯವರೆಲ್ಲ ಕೇಳಿದರು, ಅದರ ಪೂರ್ತಿ ಕ್ಯಾಸೆಟ್ಟು ಕಳಿಸಿರಿ. ನಾನು ಮೊದಲೇ ಕದ್ದು ಓದಿಟ್ಟಿದ್ದ ಅದನ್ನು ಅವರು ನನ್ನೆದುರಿಗೇ ಓದಿದರು. ಮಡಿಸಿ ಜೇಬಿಗಿಟ್ಟುಕೊಂಡರು. ಏನು ಬರೆದಿದ್ದಾನೆ ಅಂತ ಗೊತ್ತಿಲ್ಲದವಳ ಹಾಗೆ ಕೇಳಿದೆ. ಏನಿಲ್ಲ ಅಂದರು.

ಗಂಡನ ಧ್ವನಿಯನ್ನು ಕೈಯಾರೆ ಅಳಿಸಿ ಅದರ ಮೇಲೆ ನನ್ನ ಹರಟೆ ತುಂಬಿದವಳು ನಾನು. ಹೊಟ್ಟೆಕಿಚ್ಚಿನವರು ತಮ್ಮ ಮನೆಯನ್ನೇ ಸುಟ್ಟುಕೊಳ್ಳುತ್ತಾರೆ ಅಂತ ನಮ್ಮವ್ವ ಹೇಳುತ್ತಿದ್ದಳು, ಆಗ ನಗು ಬರುತ್ತಿತ್ತು.

ಮೇ ಹತ್ತೊಂಬತ್ತು ಶನಿವಾರ. ಉದಯ ಕಾರಿನಲ್ಲಿ ಕರೆತಂದು ಬಿಡುತ್ತಾನೆ. ಮಧ್ಯಾಹ್ನವೇ ಬರುತ್ತೇನೆ.

ನೀಲಾಂಬಿಕಾ


ಪಿಕರಿಂಗ್
೨ ಜೂನ್ ೨೦೧೮

ಪ್ರಿಯ ನಾಗವ್ವ,

ನಿನ್ನ ಮನೆಯಿಂದ ಬಂದು ಎರಡು ವಾರವಾಯಿತು. ನಾನು ಹೇಗೆ ನಡೆದುಕೊಂಡೆ ಅಂತ ನಿನಗೆ ಗೊತ್ತು, ಆದರೂ ನೀನು ಬಾಗಿಲವರೆಗೆ ಬಂದು ಕೈಬೀಸಿದೆ.

ದೀಪಾ ನನ್ನ ಕಿವಿಗೆ ಹೆಡ್‌ಫೋನ್ ಹಾಕಿದಳು. ನೀನು ಮೇಜಿನ ಆಚೆ ಕೂತು, ಹಾಳೆ ಪೆನ್ನು ನನ್ನ ಕಡೆ ಸರಿಸಿ, ನನ್ನ ಮುಖವನ್ನು ಟಿವಿ ನೋಡಿದ ಹಾಗೆ ನೋಡುತ್ತಿದ್ದೆ. ಮೊದಲು ಬ್ಯಾಂಜೋ ಬಂತು. ಆಮೇಲೆ ಗದಿಗೆಪ್ಪನ ಗೊರಕೆ. ಆಮೇಲೆ ಅವರು.

ಎರಡು ವರ್ಷ ಮಾತಿಲ್ಲದೆ, ಎರಡು ವರ್ಷ ಅವರೇ ಇಲ್ಲದೆ ಇದ್ದೆ. ಈಗ ಕಿವಿಯೊಳಗೆ ಮೂವತ್ತೆರಡು ವರ್ಷದ ಗಂಡಸಿನ ಧ್ವನಿ. ನಿನಗೆ ಜೋಕು ಹೇಳುತ್ತಿದ್ದಾರೆ. ಟ್ರ್ಯಾಕ್ಟರಿನ ಅಣ್ಣತಮ್ಮನದು. ನೀನು ಕೇಳಿದ್ದ ಹಾಳೆ ಇದೇ ಅಂದುಕೋ, ಅವರು ಹೇಳಿದ ಹಾಗೇ ಬರೆಯುತ್ತೇನೆ.

ತಮ್ಮ ಕೇಳುತ್ತಾನೆ: "ಒಂದು ತಾಸಾತು ನಿನ್ನ ಹೆಂಡ್ತಿ ಕರಿಯಾಕತ್ತು, ಹೋಗಬಾರದೇನೋ?" ಅಣ್ಣ ಅನ್ನುತ್ತಾನೆ: "ಕರೀಲಿ ಬಿಡೋ. ಕರಿಯಾಕತ್ತಾಳ ಅಂದ್ರ ಇನ್ನಾ ಮನ್ಯಾಗ ಅದಾಳ. ಸುಮ್ಮನಾದ್ಲಂದ್ರ ಬರಾಕತ್ತಾಳ ಅಂತ ತಿಳಿ."

ನೀನು ನಕ್ಕೆ. ಎಂಥ ನಗು ನಿನ್ನದು, ನಲವತ್ತು ವರ್ಷ ನಾನು ಅದನ್ನು ಕಿರುಚಾಟ ಅಂತ ನೆನಪಿಟ್ಟುಕೊಂಡಿದ್ದೆ, ಅದು ಹಾಗಿಲ್ಲ. ಅವರೂ ನಕ್ಕರು. ನಗುತ್ತಲೇ ಅಂದರು, "ಇದನ್ನ ನೀಲಾಗ ಹೇಳಬೇಕು. ನಗ್ತಾಳ ಆಕಿ."

ನನ್ನ ಹೆಸರು, ಅವರ ಬಾಯಲ್ಲಿ, ಆ ನಗುವಿನ ನಡುವೆ. ನಾನೂ ನಕ್ಕುಬಿಟ್ಟೆ. ಜೋರಾಗಿಯೇ ನಕ್ಕಿರಬೇಕು, ದೀಪಾ ತಿರುಗಿ ನೋಡಿದಳು.

ಅದರ ಹಿಂದೆಯೇ ಒಂದು ಬಾಗಿಲ ಸದ್ದು. ಮೇಲಿನಿಂದ ಒಬ್ಬ ಹೆಂಗಸಿನ ಧ್ವನಿ: "ಏನ ನಡದೈತಿ ಇಲ್ಲೆ?" ನನ್ನದೇ ಅಂತ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಅಷ್ಟು ಒಣಗಿದ ಧ್ವನಿ. ಖಟ್ ಅಂತ ಗುಂಡಿ ಒತ್ತಿದ ಸದ್ದು. ಆಮೇಲೆ ಏನೂ ಇಲ್ಲ. ನನ್ನ ಧ್ವನಿ ಕೇಳಿದ್ದೇ ನನ್ನ ಗಂಡ ಟೇಪು ನಿಲ್ಲಿಸಿದ್ದ. ನನಗೆ ಹೇಳಬೇಕು ಅಂದ ಜೋಕನ್ನು ನುಂಗಿಕೊಂಡಿದ್ದ. ಜೋಕಿನ ಹೆಂಡತಿಯ ಹಾಗೆಯೇ ನಾನು ಇಳಿದು ಬಂದಿದ್ದೆ, ಆ ಮುಖ ನೋಡಿ ಯಾರು ತಾನೇ ಹೇಳುತ್ತಾರೆ?

ಹೆಡ್‌ಫೋನ್ ತೆಗೆದೆ. ನೀನು ಬಗ್ಗಿ ಕೇಳಿದೆ, "ಯಾಕ ನಕ್ರಿ ಅಕ್ಕಾ? ಏನಂದ್ರು?"

ನಾನು "ಏನಿಲ್ಲ" ಅಂದೆ.

ಆ ಮಾತನ್ನು ನೀನು ತುಟಿಯಲ್ಲೇ ಓದಿಕೊಂಡೆ. ಹಾಳೆಯನ್ನು ಬರಿದಾಗಿಯೇ ವಾಪಸು ತೆಗೆದುಕೊಂಡೆ. ಮಷೀನಿನಿಂದ ಕ್ಯಾಸೆಟ್ಟು ತೆಗೆದು ನನ್ನ ಕೈಯಲ್ಲಿಟ್ಟೆ, ಫಾಯಿಲಿನಲ್ಲಿ ಗಿರಮಿಟ್ಟು ಕಟ್ಟಿಕೊಟ್ಟೆ.

ಯಾಕೆ ಹಾಗೆ ಅಂದೆ ಅಂತ ಈ ಎರಡು ವಾರ ನನ್ನನ್ನೇ ಕೇಳಿಕೊಂಡೆ. ಅವರ ನಗು ಕೇಳುವ ಕಿವಿ ಈಗ ನನ್ನದೊಂದೇ ಅನ್ನಿಸಿ ಹಿತವಾಯಿತು ನಾಗವ್ವ. ಮೊದಲ ಸಲ ಅವರು ನನ್ನ ಪಾಲಿಗಷ್ಟೇ ಸಿಕ್ಕಿದ್ದರು, ಹಂಚಿಕೊಳ್ಳಲು ಮನಸ್ಸಾಗಲಿಲ್ಲ. ಕಾರಿನಲ್ಲಿ ಆ ಗಿರಮಿಟ್ಟಿನ ವಾಸನೆ ತುಂಬಿತ್ತು. ೪೦೧ ಹೈವೇಯಲ್ಲಿ ಟ್ರಾಫಿಕ್ಕು ನಿಂತಾಗ ಪೂರ್ತಿ ತಿಂದೆ. ಚೆನ್ನಾಗಿತ್ತು.

ಜೋಕು ನಿನಗೆ ಕೊಟ್ಟಿದ್ದೇನೆ. ಕ್ಯಾಸೆಟ್ಟನ್ನು ನನ್ನ ಕಪಾಟಿನಲ್ಲೇ ಇಟ್ಟುಕೊಳ್ಳುತ್ತೇನೆ. ಅಷ್ಟು ದೊಡ್ಡ ಮನಸ್ಸು ನನಗೆ ಇನ್ನೂ ಬಂದಿಲ್ಲ.

ನಿನ್ನ
ನೀಲಾ


ಸ್ಟ್ರೀಟ್ಸ್‌ವಿಲ್
೨೪ ಜೂನ್ ೨೦೧೮

ನೀಲಕ್ಕಾ,

ಜೋಕು ಓದಿ ಒಬ್ಬಳೇ ಕೂತು ನಕ್ಕೆ. ದೀಪಾ ಓಡಿ ಬಂದಳು, ಅಷ್ಟು ದೊಡ್ಡದಾಗಿ ನಕ್ಕೆನಂತೆ. ನನಗೆ ಕೇಳಲಿಲ್ಲ. ನನ್ನ ನಗು ನಿಮ್ಮ ಕಪಾಟಿನಲ್ಲಿದೆ, ಅಯ್ಯನವರ ನಗುವಿನ ಮಗ್ಗುಲಲ್ಲಿ. ಇಟ್ಟುಕೊಳ್ಳಿ. ನನಗೂ ಹೊಟ್ಟೆ ಉರಿಯುತ್ತದೆ, ಇಲ್ಲ ಅನ್ನುವುದಿಲ್ಲ.

ಆದರೆ ನಿಮ್ಮ ಕಾಗದದಲ್ಲಿ ಒಂದು ತಪ್ಪಿದೆ. ಅದನ್ನು ಹಾಗೇ ಬಿಟ್ಟರೆ ನನಗೆ ಸಾಯಲೂ ಆಗುವುದಿಲ್ಲ. ಆಗ ನಿಜವಾಗಿ ನಡೆದದ್ದು ಟೇಪಿನಲ್ಲಿದೆಯೋ ಇಲ್ಲವೋ ಅಂತ ತಿಳಿಯಲಿಕ್ಕೇ ನಿಮ್ಮನ್ನು ಕರೆಸಿದೆ, ಬರೆದುಕೊಡಿ ಅಂದೆ.

ಅಲ್ಲಿಯವರೆಗೆ ಒಂದು ಶನಿವಾರವೂ ಅವರು ಆ ಕೋಣೆಯಲ್ಲಿ ನಿಮ್ಮ ಹೆಸರು ಎತ್ತಿರಲಿಲ್ಲ. ನನಗೆ ವಾರದಲ್ಲಿ ಅದೊಂದು ತಾಸು. ನನ್ನ ಗಂಡ ಗೊರಕೆ ಹೊಡೆಯುತ್ತಿದ್ದ, ನನಗೆ ಭಾಷೆ ಬರುತ್ತಿರಲಿಲ್ಲ, ಒಬ್ಬರು ಕೂತು ನನಗಾಗಿ ಜೋಕು ತಿರುಗಿಸಿ ಹೇಳುತ್ತಿದ್ದರು. ಒಂಬತ್ತನೆಯ ಟೇಪಿನ ದಿನ ಅವರು ನೀಲಾಗ ಹೇಳಬೇಕು ಅಂದರು. ಅದೂ ಎಲ್ಲಕ್ಕಿಂತ ಒಳ್ಳೆಯ ಜೋಕು. ನನ್ನ ತಾಟಿನೊಳಗಿನದನ್ನು ಎತ್ತಿ ನಿಮಗೆ ಬಡಿಸಿದ ಹಾಗಾಯಿತು ನನಗೆ.

ನೀವು ಮೇಲಿನಿಂದ ಕೂಗಿದಿರಿ. ಅವರು ನಗುತ್ತಲೇ ಎದ್ದರು, ಬಾ ನೀಲಾ ಅನ್ನಲು ಬಾಯಿ ತೆರೆದಿದ್ದರು. ಗುಂಡಿ ಒತ್ತಿದ್ದು ಅವರಲ್ಲ, ನಾನು. ನೀವು ಹನ್ನೊಂದು ಮೆಟ್ಟಿಲು ಇಳಿಯುವಷ್ಟರಲ್ಲಿ ನಾನು ಅವರಿಗೆ ಅಂದೆ, "ಬ್ಯಾಡ್ರಿ ಅಯ್ನಾರ. ಅಕ್ಕಾರು ದಣದು ಬಂದಾರ, ತಮ್ಮನ್ನ ನೋಡಿ ನಗಾಕತ್ತಾರ ಅಂತ ತಿಳಕೋತಾರ. ಕೇಳಿದ್ರ ಏನಿಲ್ಲ ಅನ್ರಿ."

ಅವರು ನನ್ನ ಮಾತು ನಂಬಿದರು. ನಿಮಗೆ ನೋವಾಗಬಾರದು ಅಂತಲೇ ಏನಿಲ್ಲ ಅಂದರು.

ಆ "ಏನಿಲ್ಲ" ಅವರದಲ್ಲ ಅಕ್ಕಾ, ನನ್ನದು.

ನಾಗವ್ವ